ತಪ್ಪನ್ನು ಯಾರೊಂದಿಗೂ ಹಂಚಿಕೊಳ್ಳದ ಗಸ್ ಹಾರ್ವತ್

ಗಸ್ ಹಾರ್ವತ್ ಯಾವ ಕೋಣೆಯನ್ನೂ ನೇರವಾಗಿ ಪ್ರವೇಶಿಸಿದವನಲ್ಲ. ಕಾಲೇಜಿನ ಕೊನೆಯ ವರ್ಷ ಆಟದಲ್ಲಿ ಮುರಿದ ಮೊಣಕಾಲು ಸರಿಯಾಗಿ ಕೂಡಿಕೊಳ್ಳದ ಕಾರಣ, ಬಲಭುಜವನ್ನು ಮುಂದೆ ಮಾಡಿಕೊಂಡು, ತುಂಬಿದ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೊರಟವನ ಹಾಗೆ ಓರೆಯಾಗಿ, ಸಂಕೋಚದಿಂದ ಬರುತ್ತಾನೆ. ಕೋಣೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಅದೇ ನಡಿಗೆ. ನನ್ನ ಮೊಣಕಾಲುಗಳೆರಡೂ ನೆಟ್ಟಗಿವೆ, ನಾನು ಎದೆಯುಬ್ಬಿಸಿ ನಡೆಯುತ್ತೇನೆ, ಆದರೂ ನಮ್ಮೂರು ಟೊಲೀಡೊದ ಜನ ಇಷ್ಟು ವರ್ಷ ಪಕ್ಕಕ್ಕೆ ಸರಿದು ದಾರಿ ಬಿಟ್ಟದ್ದು ಅವನಿಗೆ. ಹೊಟ್ಟೆಕಿಚ್ಚು ಎನ್ನುತ್ತೀರೇನು, ಧಾರಾಳವಾಗಿ ಎನ್ನಿ. ಅದನ್ನು ಬಚ್ಚಿಟ್ಟುಕೊಂಡು ಗಸ್‌ನ ಚಿತ್ರ ಬರೆಯುವುದು ನನ್ನಿಂದಾಗದ ಕೆಲಸ.

ನಾವಿಬ್ಬರೂ ಒಟ್ಟಿಗೇ ನಮ್ಮೂರ ಅಮೆರಿಕನ್ ಫುಟ್‌ಬಾಲ್ ತಂಡದ ಚಾಕರಿಗೆ ಸೇರಿದವರು. ಕಾಲೇಜುಗಳಲ್ಲಿ ಆಡುವ ಹುಡುಗರನ್ನು ನೋಡಿ, ತೂಗಿ, ಯಾರು ನಮಗೆ ಬೇಕು ಯಾರು ಬೇಡ ಎಂದು ಹೇಳುವುದು ನಮ್ಮ ಕೆಲಸ. ಒಂದೇ ಕಾರಿನಲ್ಲಿ ಅಲೆದೆವು, ಒಂದೇ ಮೋಟೆಲ್ ಕೋಣೆಯಲ್ಲಿ ಮಲಗಿದೆವು, ಅವನ ಗೊರಕೆಯನ್ನು ನಾನೂ ನನ್ನ ಗೊಣಗಾಟವನ್ನು ಅವನೂ ಸಹಿಸಿದೆವು. ಹತ್ತು ವರ್ಷದ ಹಿಂದೆ ತಂಡಕ್ಕೆ ಯಾರನ್ನು ತರಬೇಕೆಂದು ಕೊನೆಯ ಮಾತು ಹೇಳುವ ಜನರಲ್ ಮ್ಯಾನೇಜರ್ ಕುರ್ಚಿ ತೆರವಾದಾಗ ಅದರ ಮೇಲೆ ಕೂತವನು ಗಸ್, ಅದರ ಪಕ್ಕ ನಿಂತವನು ನಾನು. ಅಂದಿನಿಂದ ಅವನ ಕಂದು ಕಾರ್ಡುರಾಯ್ ಕೋಟನ್ನು ದಿನವೂ ನೋಡುತ್ತಿದ್ದೇನೆ. ಅದರ ಜೇಬು ತೂತು. ಕಾರಿನ ಕೀಲಿ ಅಸ್ತರಿನೊಳಗೆ ಜಾರಿ ಬೆನ್ನಿನ ಕಡೆಗೆ ಹೋಗುತ್ತದೆ, ಅವನು ಪಾರ್ಕಿಂಗಿನಲ್ಲಿ ನಿಂತು ತನ್ನ ಬೆನ್ನನ್ನು ತಾನೇ ತಡಕಾಡುತ್ತಾನೆ, ಕಂಡವರೆಲ್ಲ ಕರಗಿ ನೀರಾಗುತ್ತಾರೆ. ನನ್ನ ಜೇಬು ಹರಿದಿದ್ದರೆ ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲವೇನೋ ಎನ್ನುತ್ತಿದ್ದರು. ಗಸ್‌ನದು ಹರಿದರೆ ಅದು ಸರಳತೆ.

ಹುಡುಗರನ್ನು ನೋಡಲು ಹೋದಾಗ ಅವನದೊಂದು ಹಟವಿತ್ತು. ಮೈದಾನಕ್ಕೆ ಹೋಗುವ ಮೊದಲು ಆ ಹುಡುಗ ಓದಿದ ಹೈಸ್ಕೂಲಿನ ಹತ್ತಿರದ ಹೋಟೆಲಿಗೆ ಹೋಗಿ, ಹಣ್ಣಿನ ಪೈ ತರಿಸಿಕೊಂಡು, ಬಡಿಸುವಾಕೆಯ ಜೊತೆ ಹರಟುತ್ತ ಕೂರಬೇಕು. ಡಕೋಟದ ಒಂದು ಕುಗ್ರಾಮದಲ್ಲಿ ಬ್ಯೋರ್ಕ್ ಎಂಬ ದಢೂತಿ ಹುಡುಗನ ವಿಚಾರ ಕೇಳಿದಾಗ ಆ ಹೆಂಗಸು, "ಅವನಾ? ತಟ್ಟೆ ಖಾಲಿ ಆಗೋವರೆಗೂ ಏಳಲ್ಲ, ಯಾರು ಕರದ್ರೂ ಏಳಲ್ಲ" ಎಂದಳು. ಅದೇ ಮೇಜಿನಲ್ಲಿ ಅದೇ ಪೈ ತಿನ್ನುತ್ತ ಅದೇ ಮಾತನ್ನು ನಾನೂ ಕೇಳಿದೆ. ನನ್ನ ವರದಿಯಲ್ಲಿ "ಕಾಲು ನಿಧಾನ" ಎಂದು ಬರೆದೆ. ಗಸ್ ಅವನನ್ನು ಕರೆತಂದ. ಬ್ಯೋರ್ಕ್ ವರ್ಷಗಟ್ಟಲೆ ನಮ್ಮ ತಂಡದ ಮುಂದಿನ ಸಾಲಿನಲ್ಲಿ ಗೋಡೆಯಾಗಿ ನಿಂತ. "ಹಾರ್ವತ್‌ನ ದಿವ್ಯದೃಷ್ಟಿ" ಎಂದು ಪತ್ರಿಕೆಗಳು ಕೊಂಡಾಡಿದವು. ಹೊಗಳಿದರೆ ಗಸ್ ಬಾಯಿ ಅರ್ಧ ತೆರೆದು "ಇರ್ಲಿ, ಇರ್ಲಿ" ಎನ್ನುತ್ತಿದ್ದ, ಬೈದರೂ ಅದನ್ನೇ ಎನ್ನುತ್ತಿದ್ದ.

ಈಗ ರೀವ್ಸ್‌ನ ವಿಚಾರಕ್ಕೆ ಬರುತ್ತೇನೆ. ಡ್ರಾಫ್ಟ್ ಎಂದರೆ ಕಾಲೇಜು ಮುಗಿಸಿದ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ದಿನ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ. ಮೂರು ವರ್ಷದ ಹಿಂದೆ ನಮ್ಮ ಸರದಿ ಬೇಗ ಬಂದಿತ್ತು. ಗಸ್‌ಗೆ ಮೆರಿವೆದರ್ ಎಂಬ ರಕ್ಷಕನ ಮೇಲೆ ಮನಸ್ಸು. ಕೋಚ್ ಕ್ಲೈಡ್ ಬ್ಯಾನಿಂಗ್‌ಗೆ ಟೆಕ್ಸಾಸಿನ ಕ್ವಾರ್ಟರ್‌ಬ್ಯಾಕ್ ರೀವ್ಸ್ ಬೇಕು. ಚೆಂಡೆಸೆದು ಇಡೀ ಆಟ ನಡೆಸುವವನು ಸರಿಯಿಲ್ಲದೆ ಗೆಲುವಿಲ್ಲ ಎಂಬುದು ಅವನ ವಾದ. ಹೆಸರು ಹೇಳಲು ಕೊಡುವ ಹತ್ತು ನಿಮಿಷದಲ್ಲಿ ಗಸ್ ನಮ್ಮಿಬ್ಬರನ್ನು ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕಿದ.

"ಈ ಹುಡುಗನ್ನ ಕೊಡು ಗಸ್. ಮುಂದೆ ಏನಾದ್ರೂ ನನ್ ತಲೆ ಮೇಲಿರಲಿ," ಎಂದ ಕ್ಲೈಡ್.

"ನಂಗೆ ಅವನ ಮೇಲೆ ನಂಬಿಕೆ ಇಲ್ಲ. ಆದ್ರೆ ಆಡಿಸೋನು ನೀನು, ತಗೋ," ಎಂದ ಗಸ್. ಬಾಗಿಲ ಹಿಡಿಕೆಗೆ ಕೈಯಿಟ್ಟು ತಿರುಗಿ ನಮ್ಮಿಬ್ಬರಿಗೂ ಹೇಳಿದ, "ಹೊರಗಡೆ ಇದು ನನ್ನ ಆಯ್ಕೆ. ನಾನು ಬೇಡ ಅಂದಿದ್ದೆ ಅಂತ ಆ ಹುಡುಗನಿಗೆ ಯಾವತ್ತೂ ಗೊತ್ತಾಗಬಾರದು."

ರೀವ್ಸ್ ಆಡಿದ ಆಟವನ್ನು ವರ್ಣಿಸಲು ನನಗೆ ಮನಸ್ಸಿಲ್ಲ. ಮೆರಿವೆದರ್ ಬೇರೆ ತಂಡ ಸೇರಿ ಮಿಂಚಿದ, ನಾವು ಸೋತೆವು, ಮತ್ತೆ ಸೋತೆವು. ಈ ಜನವರಿಯಲ್ಲಿ ಕ್ಲೈಡ್‌ನನ್ನು ಮನೆಗೆ ಕಳಿಸಿದರು. ಹೋಗುವ ದಿನ ಅವನು ಮೈಕಿನ ಮುಂದೆ ನಿಂತು, "ನಾನು ಕೇಳಿದ್ದು ಒಂದು, ನನ್ನ ಕೈಗೆ ಕೊಟ್ಟಿದ್ದು ಇನ್ನೊಂದು. ಆ ರೀವ್ಸ್‌ನ ಕಟ್ಕೊಂಡು ಯಾರಿಗೆ ತಾನೇ ಗೆಲ್ಲಕ್ಕಾಗತ್ತೆ?" ಎಂದ. ಗಸ್ ಪಕ್ಕದಲ್ಲೇ ಇದ್ದ. "ರೀವ್ಸ್ ನನ್ನ ಆಯ್ಕೆ, ತಪ್ಪು ನನ್ನದು" ಎಂದಷ್ಟೇ ಹೇಳಿ ಓರೆಯಾಗಿ ಇಳಿದುಹೋದ.

ಅಲ್ಲಿಂದ ಊರೇ ನ್ಯಾಯಾಲಯವಾಯಿತು. ಶುಕ್ರವಾರ ಮೀನಿನೂಟಕ್ಕೆ ಚರ್ಚಿನ ನೆಲಮಾಳಿಗೆಯಲ್ಲಿ ಕೂತಿದ್ದಾಗ ನನ್ನ ಹಿಂದಿನ ಮೇಜಿನಲ್ಲಿ ಗಸ್‌ನ ಹತ್ತು ವರ್ಷದ ಡ್ರಾಫ್ಟು ವಿಚಾರಣೆಗೆ ಬಂದಿತ್ತು.

"ಕೋಚ್‌ನ ಓಡಿಸಿದ್ರು, ಸರಿ. ಆ ಕುಂಟನ್ನ ಯಾಕ್ ಇಟ್ಕೊಂಡಿದಾರೆ?"

"ಬ್ಯೋರ್ಕ್‌ನ ತಂದೋನು ಅವನೇ ಕಣೋ."

"ಒಬ್ಬ ಬ್ಯೋರ್ಕ್‌ನ ತಂದು ಸಾಯೋವರ್ಗೂ ಅದೇ ಹೆಸರಲ್ಲಿ ಊಟ ಮಾಡ್ತಾನಾ? ಆ ರೀವ್ಸ್ ಚೆಂಡು ಎಸೆಯೋದು ನೋಡಿದ್ಯಾ? ನಮ್ಮಜ್ಜಿ ಕೋಳಿಗೆ ಕಾಳು ಎರಚ್ತಿದ್ದಿದ್ದೇ ಇದಕ್ಕಿಂತ ಗುರಿಯಾಗಿತ್ತು."

"ಆದ್ರೂ ಪಾಪ, ತಪ್ಪು ನಂದು ಅಂತ ಒಪ್ಕೊಂಡ್ನಲ್ಲ. ಅಷ್ಟು ಯಾರು ಹೇಳ್ತಾರೆ ಈ ಕಾಲದಲ್ಲಿ."

ನನ್ನ ಬಾಯಲ್ಲಿದ್ದ ಮೀನು ಕಹಿಯಾಯಿತು. ಬೈಯುವಾಗಲೂ "ಪಾಪ" ಎನ್ನಿಸಿಕೊಳ್ಳುವ ಭಾಗ್ಯವನ್ನು ಅವನು ಎಲ್ಲಿಂದ ಪಡೆದುಬಂದನೋ ಕಾಣೆ.

ಮರುವಾರ ತಂಡದ ಒಡತಿ ಮಿಸೆಸ್ ಲಿಂಡ್‌ಹೋಮ್ ನದಿಯಾಚೆಯ ತಮ್ಮ ಮನೆಗೆ ನನ್ನನ್ನು ಊಟಕ್ಕೆ ಕರೆದರು. ಗಂಡ ತೀರಿಕೊಂಡ ಮೇಲೆ ತಂಡವನ್ನು ಅವರೇ ನಡೆಸುತ್ತಿದ್ದರು, ಸುತ್ತಿಬಳಸಿ ಮಾತಾಡುವವರಲ್ಲ. ಸೂಪು ಬಡಿಸುತ್ತಲೇ ಕೇಳಿದರು, "ಮಾರ್ಟಿ, ಗಸ್ ತಂದವರನ್ನೆಲ್ಲ ನೀನು ನೋಡಿದೀಯ. ಇಟ್ಕೊಳ್ಳೋದಾ, ಕಳಿಸೋದಾ? ಕಳಿಸಿದ್ರೆ ಆ ಜಾಗ ನಿಂದೇ, ಬೇರೆಯವರನ್ನ ನಾನು ಹುಡುಕಲ್ಲ."

ಎಷ್ಟು ಸಲ ಕನಸಿನಲ್ಲಿ ಕೇಳಿಸಿಕೊಂಡ ಮಾತು ಅದು. ಆದರೂ ಸತ್ಯವನ್ನು ಸತ್ಯದಂತೆ ಹೇಳಿದೆ: ಮೊದಲ ಸರದಿಗಳಲ್ಲಿ ಗಸ್ ಎಲ್ಲರಷ್ಟೇ ಗೆದ್ದಿದ್ದಾನೆ, ಎಲ್ಲರಷ್ಟೇ ಎಡವಿದ್ದಾನೆ, ಕೊನೆಯ ಸರದಿಗಳಲ್ಲಿ, ಬೇರೆಯವರು ಬೇಡವೆಂದು ಬಿಟ್ಟ ಹುಡುಗರಲ್ಲಿ, ಅವನನ್ನು ಮೀರಿಸಿದವರಿಲ್ಲ.

"ಅದೆಲ್ಲ ಇರಲಿ. ನಮ್ಮನ್ನ ಮುಳುಗಿಸಿದ್ದು ರೀವ್ಸ್. ಅವನನ್ನ ತಂದಿದ್ದು ಯಾರು?"

ಗಸ್ ಎಂದರೆ ಸಾಕಿತ್ತು. ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ, ಅವನೇ ಊರೆದುರು ಆಡಿದ ಮಾತು. ಆದರೆ ಮುಂದಿನದೆಲ್ಲ ಕಣ್ಣೆದುರು ಬಂತು. ಅವನು ಓರೆನಡಿಗೆಯಲ್ಲಿ ಹೊರಟುಹೋಗುತ್ತಾನೆ. ಎಂದಾದರೂ ಒಂದು ದಿನ ಕ್ಲೈಡ್‌ನೇ ಕುಡಿದು ನಿಜ ಬಾಯಿಬಿಡುತ್ತಾನೆ. ಆಮೇಲೆ ಈ ಊರು ಗಸ್‌ನನ್ನು ಸಂತನೆಂದು ತಲೆಯ ಮೇಲೆ ಹೊತ್ತು ಮೆರೆಸುತ್ತದೆ. ನಾನು ಸಾಯುವವರೆಗೂ ಸಂತನ ಕುರ್ಚಿ ಕಸಿದವನಾಗಿ ಉಳಿಯುತ್ತೇನೆ. ಕುರ್ಚಿ ಅವನಿಗೆ, ಪ್ರೀತಿ ಅವನಿಗೆ, ಈಗ ಹುತಾತ್ಮನ ಪಟ್ಟವನ್ನೂ ನಾನೇ ಕೈಯಾರೆ ಕಟ್ಟಬೇಕೇ? ನನ್ನ ಹೊಟ್ಟೆ ಉರಿದುಹೋಯಿತು.

"ಕ್ಲೈಡ್ ತಂದಿದ್ದು ಮೇಡಂ," ಎಂದೆ. ಆ ಹತ್ತು ನಿಮಿಷದ ಕಥೆಯನ್ನು ಪೂರ್ತಿ ಹೇಳಿಬಿಟ್ಟೆ.

ಅವರು ಚಮಚ ಕೆಳಗಿಟ್ಟು ನನ್ನ ಮುಖ ನೋಡಿದರು. "ಕೈಗೆ ಬಂದಿದ್ದನ್ನ ಬಿಟ್ಟುಕೊಟ್ಟೆ ಅಂತ ಗೊತ್ತಾಯ್ತಾ ನಿಂಗೆ?"

"ಗೊತ್ತಾಯ್ತು."

"ನಿನ್ನಂಥ ಸ್ನೇಹಿತ ಸಿಕ್ಕಿದ್ದು ಗಸ್‌ನ ಪುಣ್ಯ."

ನೋಡಿ, ನಾನು ಕಳೆದುಕೊಂಡೆ, ಪುಣ್ಯ ಅವನದಾಯಿತು.

ಮಿಸೆಸ್ ಲಿಂಡ್‌ಹೋಮ್ ಗಸ್‌ನನ್ನು ಉಳಿಸಿಕೊಂಡರು, ಕಾರಣ ಕೇಳಿದ ಪತ್ರಿಕೆಗಳಿಗೆ ಕಾರಣವನ್ನೂ ಹೇಳಿದರು. ಆ ದಿನ ಮಧ್ಯಾಹ್ನ ನನ್ನ ಕೋಣೆಯ ಬಾಗಿಲು ದಡಾರನೆ ತೆರೆಯಿತು. ಗಸ್ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಯಾರು ಹೇಳು ಅಂದ್ರು ನಿಂಗೆ? ಆ ಹುಡುಗ ಬೆಳಗ್ಗೆ ಫೋನ್ ಮಾಡಿದ್ದ. ನಾನು ಬೇಡ ಅಂದಿದ್ದೆ ಅಂತ ಪೇಪರ್‌ನಲ್ಲಿ ಓದಿದಾನೆ. ತನ್ನನ್ನ ನಂಬಿದೋನು ನಾನೊಬ್ಬನಾದ್ರೂ ಇದೀನಿ ಅಂದ್ಕೊಂಡಿದ್ದ ಪಾಪ."

"ಕ್ಲೈಡ್‌ನ ಗತಿ ನೋಡಿದ್ಯಾ? ಮೂರು ವರ್ಷ ನೀನು ಹೊತ್ಕೊಂಡು ತಿರುಗಿದೆ. ಈಗ ಅವನು ನಿಜವಾಗ್ಲೂ ತಾನು ಕೇಳೇ ಇಲ್ಲ ಅಂತ ನಂಬ್ಕೊಂಡಿದಾನೆ. ಮುಂದೆ ಇನ್ಯಾವ್ದೋ ಊರಿಗೆ ಹೋಗಿ ಇದೇ ತಪ್ಪು ಮಾಡ್ತಾನೆ."

ಗಸ್ ನನ್ನೆದುರಿನ ಕುರ್ಚಿಯಲ್ಲಿ ಕೂತ; ಕೆಂಪಾಗಿದ್ದ ಮುಖ ನಿಧಾನವಾಗಿ ತಿಳಿಯಾಯಿತು.

"ನನ್ನ ಜಾಗದ ಮೇಲೆ ನಿಂಗೆ ಆಸೆ ಇತ್ತಲ್ವಾ?" ಎಂದ.

"ಹತ್ತು ವರ್ಷದಿಂದ. ನಿಂಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಅದಕ್ಕೇ ನೀನು ಬಾಯಿ ಬಿಡಲ್ಲ ಅಂದ್ಕೊಂಡಿದ್ದೆ."

ಇಷ್ಟೂ ವರ್ಷ ನನ್ನ ಹೊಟ್ಟೆಕಿಚ್ಚನ್ನು ಅವನು ಬಲ್ಲ, ಬಲ್ಲನಷ್ಟೇ ಅಲ್ಲ, ತನ್ನ ತ್ಯಾಗಕ್ಕೆ ಅದನ್ನೇ ಆಧಾರವಾಗಿ ನೆಚ್ಚಿಕೊಂಡಿದ್ದ. ಇಂಥ ಉದಾರಿಗಳು ಎಲ್ಲ ಊರಲ್ಲೂ ಇರುತ್ತಾರೆ. ಹೊಗಳಿಕೆಯನ್ನು ಕೈಬಿಚ್ಚಿ ಹಂಚುವ ಇವರು ತಪ್ಪಿನ ವಿಷಯದಲ್ಲಿ ಮಾತ್ರ ಮಹಾ ಜಿಪುಣರು. ಅದು ಯಾರದಾಗಿದ್ದರೂ ಅದರ ಯಜಮಾನನಿಗೆ ಒಂದು ಚೂರೂ ಉಳಿಸದೆ ತಾವೇ ಇಟ್ಟುಕೊಳ್ಳುತ್ತಾರೆ. ಅವರ ದೊಡ್ಡತನ ನಿಲ್ಲಬೇಕಾದರೆ ಪಕ್ಕದಲ್ಲೊಬ್ಬ ಸಣ್ಣ ಮನುಷ್ಯ ತಪ್ಪದೆ ಸಣ್ಣವನಾಗಿಯೇ ಇರಬೇಕು, ಮತ್ತು ಅವನು ಹಾಗೆ ಇರುತ್ತಾನೆಂದು ಅವರು ನಿಶ್ಚಿಂತರಾಗಿರುತ್ತಾರೆ. ಗಸ್ ಯಾವ ಯಾವ ಹುಡುಗನನ್ನು ತಪ್ಪಾಗಿ ಅಳೆದನೆಂದು ಊರು ಇನ್ನೂ ಲೆಕ್ಕ ಹಾಕುತ್ತಲೇ ಇದೆ. ಬಾಯಿಬಿಡಲಾರನೆಂದು ನನ್ನನ್ನು ಅಳೆದ ತಪ್ಪನ್ನು ಮಾತ್ರ ಹೊತ್ತುಕೊಳ್ಳಲು ಅವನಿಗೆ ಕೊಡಲಾರೆ; ಅದೊಂದನ್ನು ನಾನು ಇಟ್ಟುಕೊಂಡಿದ್ದೇನೆ.