ಹೆಣ ಆಡಿದ ಮಾತು

ಪ್ರೆಸ್ಸಿನಲ್ಲಿ ಕರಡು ತಿದ್ದುವ ನಮ್ಮ ನಾಟಕಕಾರ ಬರೆದದ್ದು ಒಂದೇ ಒಂದು ನಾಟಕ, ಅದೂ ದುರಂತ. ಅದನ್ನು ನೋಡಿ ಅತ್ತವರನ್ನು ಎಣಿಸಲು ಹೊರಟರೆ ಬೆರಳು ಮಡಿಸುವ ಪ್ರಮೇಯವೇ ಬರದೆಂದು ಅವನೇ ಹೇಳಿಕೊಂಡು ನಗುತ್ತಿದ್ದ. ಅವನಿಗೆ ಬೇಕಿದ್ದದ್ದು ಒಬ್ಬರ ಕಣ್ಣೀರು ಮಾತ್ರ, ಅಮ್ಮನದು. ಬೆಳಗ್ಗೆ ಕೆಲಸಕ್ಕೆಂದು ಹೊರಟ ಅಣ್ಣ ರಸ್ತೆ ಅಪಘಾತದಲ್ಲಿ ಸತ್ತಿದ್ದ. ಅಂದಿನಿಂದ ಅಮ್ಮ ಅತ್ತಿರಲಿಲ್ಲ, ಕಲ್ಲಾಗಿ ಕೂತಿದ್ದಳು. ಅವಳನ್ನು ಅಳಿಸಿ ಹಗುರ ಮಾಡುತ್ತೇನೆಂದು ಈ ಮಹಾಶಯ ಪೆನ್ನು ಹಿಡಿದ. ಡಾಕ್ಟರಿಗಾಗದ್ದು ತನ್ನ ಮೂರನೇ ಅಂಕಕ್ಕೆ ಆಗುತ್ತದೆಂಬ ಜಂಬ!

ಕೊನೆಯಲ್ಲಿ ಸಾಯುವ ಮಗ ತಾಯಿಗೆ ಹೇಳಬೇಕಾದದ್ದು ಇಷ್ಟೇ: "ಅಮ್ಮ, ನಾನು ಹೋಗ್ತೀನಿ." ಮೊದಲ ಪ್ರಯೋಗದಲ್ಲಿ ಮಗನಾಗಿದ್ದ ಬ್ಯಾಂಕ್ ಗುಮಾಸ್ತ ರಕ್ತ ಕಾರಿ, ಕಣ್ಣು ತೇಲಿಸಿ, "ಅಮ್ಮ, ಹೋಗ್ಬರ್ತೀನಿ" ಅಂದುಬಿಟ್ಟ. ಮನೆ ಬಿಡುವಾಗ ಬರೀ 'ಹೋಗ್ತೀನಿ' ಅಂದು ಚಿಕ್ಕಂದಿನಿಂದ ಬೈಸಿಕೊಂಡ ನಾಲಿಗೆ, ಪಾಪ. ಸಭೆ ಬಿದ್ದು ಬಿದ್ದು ನಕ್ಕಿತು. ಎರಡನೇ ಪ್ರಯೋಗದ ಎಲೆಕ್ಟ್ರಿಷಿಯನ್ ತಾಲೀಮಿನಲ್ಲೆಲ್ಲ ಸರಿಯಾಗಿ ಹೇಳಿ, ರಂಗದ ಮೇಲೆ ಮತ್ತೆ 'ಹೋಗ್ಬರ್ತೀನಿ' ಎಂದೇ ಅಂದ. "ಊಟಕ್ಕೆ ಬರ್ತೀಯೇನಪ್ಪಾ?" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಹಾಸ್ಯ ನಾಟಕ ಸೊಗಸಾಗಿತ್ತೆಂದು ಪತ್ರಿಕೆಯವರು ಬೇರೆ ಬರೆದರು.

ಮೂರನೇ ಪ್ರಯೋಗಕ್ಕೆ ಅಮ್ಮ ತಾನೂ ಬರುತ್ತೇನೆಂದಳು. ಇನ್ನು ಯಾರನ್ನೂ ನಂಬಿ ಪ್ರಯೋಜನವಿಲ್ಲವೆಂದು ನಾಟಕಕಾರ ತಾನೇ ಬಣ್ಣ ಹಚ್ಚಿಕೊಂಡ. "ಒಂದ್ ಮಾತು ನೆಟ್ಟಗೆ ಹೇಳಕ್ಕೆ ಏನ್ರೀ ಕಷ್ಟ ನಿಮ್ಗೆ?" ಎಂದು ಗುಮಾಸ್ತನನ್ನು ಜಾಡಿಸಿಯೂ ಬಿಟ್ಟ.

ಸಾಯುವ ಗಳಿಗೆ ಬಂತು. ಮುಂದಿನ ಸಾಲಿನಲ್ಲಿ ಅಮ್ಮ ಅವನನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಿಕೊಂಡು 'ಹೋಗ್ತೀನಿ' ಎನ್ನಲು ಅವನಿಗೆ ಬಾಯಿ ಬರಲಿಲ್ಲ.

"ಅಮ್ಮ... ಹೋಗ್ಬರ್ತೀನಿ."

"ಹ್ಞೂಂ, ಬೇಗ ಬಾ," ಎಂದಳು ಅಮ್ಮ ಕೂತಲ್ಲಿಂದಲೇ, ಎಲ್ಲರಿಗೂ ಕೇಳುವ ಹಾಗೆ.

ಸೂರು ಹಾರಿಹೋಗುವಂಥ ನಗು. ಸತ್ತು ಬಿದ್ದಿದ್ದ ನಾಟಕಕಾರ ನಾಚಿಕೆಯಿಂದ ಇನ್ನೊಂದು ಸಲ ಸತ್ತ. ಪರದೆ ಬಿದ್ದದ್ದೇ, ಬಣ್ಣವನ್ನೂ ಒರೆಸದೆ ಕೆಳಗಿಳಿದು ಅವಳ ಬಳಿ ಹೋದ. ಅಮ್ಮ ಅವನ ಕೈ ಹಿಡಿದುಕೊಂಡಳು.

"ಬಂದ್ಯಾ? ಅವತ್ತು ನಿಮ್ಮಣ್ಣಂಗೂ ಹಿಂಗೇ ಹೇಳ್ದೆ ಕಣೋ, ಬೇಗ ಬಾ ಅಂತ. ಅವ್ನು ಬರ್ಲೇ ಇಲ್ಲ ನೋಡು," ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು.

ಅಷ್ಟುದ್ದ ಸಂಭಾಷಣೆ ಬರೆದ ಮಹಾಶಯ ಅವಳ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟ. ಅವಳ ಮಡಿಲಲ್ಲಿ ಮುಖವಿಟ್ಟು, ನಕಲಿ ರಕ್ತವನ್ನೆಲ್ಲ ಅವಳ ಬಟ್ಟೆಗೆ ಮೆತ್ತುತ್ತ, ಅವನೂ ಅತ್ತ.