ಕವಲಿನಾಗ ಕೂತ ರಾಡಿ

ನಮ್ಮೂರಾಗ ಕಬ್ಬಿಗೆ ನೀರು ಹಾಯಿಸೋದರಾಗ ಈರಪ್ಪನ ಸರಿ ಯಾರೂ ಇಲ್ಲ. ಅಂಥಾಂವ ಈ ವರ್ಷ ನೂರು ಹೆಜ್ಜೆ ನಡೆದರೆ ನಿಲ್ಲತೊಡಗಿದ. ಎಡಗಾಲಿನ ಮೀನಖಂಡ ಹಿಡಿಯುತ್ತಿತ್ತು. ನಿಂತು ಒಂದು ಬೀಡಿ ಸೇದುವಷ್ಟರಲ್ಲಿ ಬಿಡುತ್ತಿತ್ತು. ಮತ್ತೆ ನೂರು ಹೆಜ್ಜೆ, ಮತ್ತೆ ಹಿಡಿತ. ನಿಂತರೆ ಹೋಗುವ ನೋವು ರೋಗವೋ, ಮೈಗಳ್ಳತನವೋ, ಅವನಿಗೇ ತಿಳಿಯಲಿಲ್ಲ. ಮುಧೋಳ ನಾಯಿಗತೆ ಓಡತಿದ್ದಾಂವ ಈಗ ಕಂಬ ಕಂಡಲ್ಲಿ ನಿಲ್ಲತಾನ ಅಂತ ನಾವು ನಕ್ಕೆವು.

ನರ ಸೆಳೆದಾವ, ಬರಿ ಹಾಕಸ್ರಿ ಅಂದರು ಹಿರಿಯರು. ಕಾದ ಕಬ್ಬಿಣದಿಂದ ಕಾಲು ಸುಟ್ಟರು. ಅಲುಗದಂತೆ ಆ ಕಾಲು ಹಿಡಿದವನು ನಾನೇ. ನೆನೆಸಿದರೆ ಈಗಲೂ ನನ್ನ ಕೈ ಮೇಲೆ ನನಗೇ ಸಿಟ್ಟು ಬರುತ್ತದೆ. ತಿಂಗಳಾದರೂ ಗಾಯ ಮಾಯಲಿಲ್ಲ. ಆ ಕಾಲಿನ ಕಿರುಬೆರಳು ಕಪ್ಪಾಯಿತು.

ಅವನ ಹೆಂಡತಿ ಮುತ್ತವ್ವ ನರ್ಸಬಾಯಿ ಶಿವಗಂಗವ್ವನವರನ್ನು ಕರೆತಂದಳು. ಅವರು ಬಿಪಿ ನೋಡಿದರು. ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಬಲಗಾಲಿನಲ್ಲಿ ಸಿಕ್ಕಿತು, ಎಡಗಾಲಿನಲ್ಲಿ ಸಿಗಲಿಲ್ಲ. ಬಿಪಿ ಬಹಳ ಐತಿ, ಕಾಲಿಗೆ ರಕ್ತ ಬರವಲ್ದು, ಇವತ್ತೇ ದೊಡ್ಡ ದವಾಖಾನಿಗೆ ಹೋಗದಿದ್ದರ ಕಾಲೇ ಹೋಗತೈತಿ ಅಂದರು.

ಈರಪ್ಪನಿಗೆ ಬಗೆಹರಿಯಲಿಲ್ಲ. "ಅಲ್ರೀ ಬಾಯಾರ, ಒತ್ತಡ ಹೆಚ್ಚಾಗೇತಿ ಅಂತೀರಿ, ರಕ್ತ ಬರವಲ್ದು ಅಂತೀರಿ. ಪಂಪು ಜೋರಿದ್ದರ ನೀರೂ ಜೋರು ಬರಬೇಕಲ್ಲ?"

ನನಗೂ ಅದೇ ಗೊಂದಲ.

"ಈರಪ್ಪಣ್ಣಾ, ನಿಮ್ಮ ಕಾಲುವಿಯಾಗ ರಾಡಿ ಎಲ್ಲಿ ತುಂಬತೈತಿ?" ಅಂತ ಕೇಳಿದರು ಬಾಯಾರು.

"ಕವಲಿನಾಗ, ತಿರುವಿನ ಒಳ ಮಗ್ಗಲಿಗೆ. ಅಲ್ಲಿ ನೀರು ಸುಳಿ ತಿರುಗಿ ಮೆತ್ತಗಾಗತೈತಿ. ರಾಡಿ ಕೂಡತೈತಿ."

"ನೆಟ್ಟಗ ಹರಿಯೋ ಕಡೆ?"

"ನೀರು ದಂಡಿ ತಿಕ್ಕೊಂಡು ಹೋಗತೈತಿ. ಸ್ವಚ್ಛ ಇರತೈತಿ."

ರಕ್ತನಾಳವೂ ಹೆಚ್ಚುಕಡಿಮೆ ಹಂಗೇ ಅಂತ ಅವರು ತಿಳಿಸಿದರು. ರಕ್ತ ಒಂದೇ ಸಮನೆ ಗೋಡೆ ತಿಕ್ಕಿಕೊಂಡು ಹರಿದಲ್ಲಿ ಒಳಪದರ ಗಟ್ಟಿ ಇರುತ್ತದೆ. ಕವಲಿನಲ್ಲಿ ಸುಳಿ ತಿರುಗುವಲ್ಲಿ ಪದರ ಸೊರಗುತ್ತದೆ. ಕೊಬ್ಬು ಗೋಡೆಯೊಳಗೇ ಸೇರಿ ದಾರಿ ಸಣ್ಣದಾಗುತ್ತದೆ. ಬಿಪಿಯ ಗುದ್ದು, ಬೀಡಿಯ ಹೊಗೆ ಎರಡೂ ಆ ಪದರವನ್ನೇ ಕೆಡಿಸುತ್ತವೆ. ದಾರಿ ಕಟ್ಟಿದ ಮೇಲೆ ಹಿಂದೆ ಎಷ್ಟು ಒತ್ತಡ ಇದ್ದರೇನು? ನಡೆಯುವಾಗ ಕಾಲು ಹೆಚ್ಚು ರಕ್ತ ಬೇಡುತ್ತದೆ. ಸಿಗುವುದಿಲ್ಲ. ಅದಕ್ಕೇ ಹಿಡಿತ. ಅದಕ್ಕೇ ಗಾಯವೂ ಮಾಯವಲ್ದು.

ಈರಪ್ಪ ಸುಟ್ಟ ಗಾಯ ನೋಡಿದ, ನನ್ನನ್ನೂ ನೋಡಿದ. "ಗುದ್ದಲಿಲೆ ರಾಡಿ ತೆಗದಂಗ ಇದನ್ನ ತೆಗಿಯಾಕ ಬರತೈತೇನ್ರಿ?"

"ಅದು ಡಾಕ್ಟರ ಕೆಲಸ. ಬೀಡಿ ಬಿಡೋದು ನಿಮ್ಮ ಕೆಲಸ."

ಮುತ್ತವ್ವ ಅವನ ಕಿಸೆಗೆ ಕೈ ಹಾಕಿ, ಬೀಡಿ ಕಟ್ಟು ತೆಗೆದು ಒಲೆಗೆ ಒಗೆದಳು. ಅವನು ತಡೆಯಲಿಲ್ಲ.

ಅವತ್ತೇ ದೊಡ್ಡ ದವಾಖಾನೆಗೆ ಹೋದೆವು, ಡಾಕ್ಟರು ಕಟ್ಟಿದ ರಕ್ತನಾಳ ಆದಷ್ಟು ತೆರೆದರು. ಕಪ್ಪಾದ ಬೆರಳು ಹೋಯಿತು, ಕಾಲು ಉಳಿಯಿತು. ಈಗ ಈರಪ್ಪ ದಿನಾ ಬಿಪಿ ಗುಳಿಗೆ ನುಂಗುತ್ತಾನೆ. ಗಾಯ ಮಾಯ್ದ ಮೇಲೆ ಡಾಕ್ಟರು ಹೇಳಿದಂತೆ ನಡೆಯುತ್ತಾನೆ, ಹಿಡಿದರೆ ನಿಲ್ಲುತ್ತಾನೆ, ಬಿಟ್ಟರೆ ಮತ್ತೆ ನಡೆಯುತ್ತಾನೆ. ಈಗ ಯಾರೂ ನಗುವುದಿಲ್ಲ.

ಅಣ್ಣಗಳಿರಾ, ಅಕ್ಕಗಳಿರಾ, ನಡೆದರೆ ಹಿಡಿದು ನಿಂತರೆ ಬಿಡುವ ಕಾಲುನೋವು ನಿಮ್ಮ ಮನೆಯಲ್ಲಿ ಯಾರಿಗಾದರೂ ಇದೆಯೇ? ಬೀಡಿ, ತಂಬಾಕು ಬಿಡಿಸಿ. ಬಿಪಿ ನೋಡಿಸಿ. ಬರೆ ಹಾಕಲು ಕಾಲು ಹಿಡಿ ಬಾ ಅಂತ ಯಾರಾದರೂ ಕರೆದರೆ ಹೋಗಬೇಡಿ. ನಾನು ಹೋಗಿದ್ದೆ. ನೀವು ಆ ಮನುಷ್ಯನ ಕೈ ಹಿಡಿದು ದವಾಖಾನೆಗೆ ಕರೆದುಕೊಂಡು ಹೋಗಿ.