ಸತ್ತವರ ಕಾಯಿ

ಮಗಳು ಕನಕಮ್ಮನ ಮೀನಖಂಡಕ್ಕೆ ನಾಯಿ ಹಲ್ಲೂರಿ ಎರಡು ದಿನವಾಗಿತ್ತು. ಗದ್ದೆಮ್ಮ ಸೋಪು ಹಚ್ಚಿ ಗಾಯ ತೊಳೆದಿದ್ದಳು, ಅಷ್ಟೇ. ಆ ನಾಯಿ ಜೊಲ್ಲು ಸುರಿಸುತ್ತ, ಎದುರು ಬಂದ ಎಮ್ಮೆಗೂ ಬಾಯಿ ಹಾಕಿ, ಪಾಮನಕಲ್ಲೂರಿನ ಅಗಸೆಬಾಗಿಲಲ್ಲಿ ಸತ್ತುಬಿದ್ದದ್ದನ್ನು ಊರೇ ನೋಡಿತ್ತು. ಗಂಡ ನರಸಣ್ಣನೂ ನೋಡಿದ್ದ. ಆದರೂ ಅವನ ವಿಚಾರಣೆ ಮುಗಿದಿರಲಿಲ್ಲ.

ಅವನು ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಚೀಲ ಹೊರುವವನು. ಜೊತೆಯ ಹಮಾಲರನ್ನು ಕೇಳಿದ್ದು ಎರಡೇ ಮಾತು: ನಾಯಿ ಕಡಿತಕ್ಕೆ ನಾಟಿವೈದ್ಯ ಆದೆಪ್ಪ ಕೊಡುವ ಬೇರಿನಿಂದ ಗುಣವಾದವರು ಯಾರಿದ್ದೀರಿ? ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡು ನರಳಿದವರು ಯಾರಿದ್ದೀರಿ? ಎರಡಕ್ಕೂ ಕೈ ಎದ್ದವು. ಬೇರು ತಿಂದೂ ಸತ್ತವರು, ಸೂಜಿಯಿಂದ ಉಳಿದವರು ಇದ್ದಾರೇನು ಎಂದು ಅವನು ಕೇಳಲೇ ಇಲ್ಲ. ನಾಯಿ ಕಚ್ಚಿದರೆ ದವಾಖಾನೆಗೆ ಹೋಗಿರೆಂದು ಸರ್ಕಾರ ಊರ ಗೋಡೆಗೆ ದೊಡ್ಡಕ್ಷರದಲ್ಲಿ ಬರೆಸಿತ್ತು. ಓದಲು ಕಲಿಸುವುದಕ್ಕೆ ಮಾತ್ರ ಅದಕ್ಕೆ ಪುರಸೊತ್ತಾಗಿರಲಿಲ್ಲ. ಜನ ಬಾಯಿಮಾತು ನಂಬದೆ ಇನ್ನೇನು ಮಾಡಬೇಕು? ಗದ್ದೆಮ್ಮನಿಗೆ ಸಿಟ್ಟು ಬಂದದ್ದು ನಂಬಿದ್ದಕ್ಕಲ್ಲ, ಅರ್ಧ ಕೇಳಿ ನಂಬಿದ್ದಕ್ಕೆ.

ನರಸಣ್ಣ ಹೆಂಡತಿ, ಮಗಳನ್ನು ಕರೆತಂದಿದ್ದ ಆದೆಪ್ಪನ ಮನೆ ಮುದಗಲ್ಲಿನ ಆಚೆ. ಗುಣವಾದವರು ಮರಳಿ ಬಂದು, ತೆಂಗಿನಕಾಯಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಅವನ ಪಡಸಾಲೆಯ ತೊಲೆಗೆ ಕಟ್ಟುವುದು ಪದ್ಧತಿ. ತೊಲೆ ಬಾಗುವಷ್ಟು ಕಾಯಿ. ನರಸಣ್ಣನೋ, ಮಗಳು ಬೇರು ಬಾಯಿಗಿಡುವ ಮೊದಲೇ ಬಾಗಿಲಲ್ಲಿ ಕಾಯಿ ಮಾರುವ ಮುನ್ನಿಬೀಯಿಂದ ಒಂದು ಕೊಂಡು ಚೀಲಕ್ಕೆ ಹಾಕಿದ್ದ.

“ಮ್ಯಾಲ ನೋಡು. ಇವೆಲ್ಲ ಸುಳ್ಳು ಹೇಳ್ತಾವೇನು?” ಎಂದ.

ಗದ್ದೆಮ್ಮ ನೋಡಿದಳು. ಇವರಲ್ಲಿ ಎಷ್ಟು ಮಂದಿಗೆ ಕಚ್ಚಿದ್ದು ಹುಚ್ಚುನಾಯಿ? ಕಚ್ಚಿದ ನಾಯಿ ಇವತ್ತಿಗೂ ಬಾಲ ಅಲ್ಲಾಡಿಸಿಕೊಂಡು ತಿರುಗುತ್ತಿದ್ದರೆ ಬೇರು ಮಾಡಿದ್ದಾದರೂ ಏನು? ಬೇರು ತೇಯುತ್ತಿದ್ದ ಆದೆಪ್ಪನತ್ತ ತಿರುಗಿದಳು.

“ಸತ್ತವರ ಕಾಯಿ ಎಲ್ಲಿ ಕಟ್ಯಾರ್ರೀ ಯಪ್ಪಾ?”

ಪಥ್ಯ ಮುರಿದವರು ಮಾತ್ರ ಸಾಯುತ್ತಾರೆ ಎಂದ ಆದೆಪ್ಪ, ತಲೆಯೆತ್ತದೆ. ಬಾಗಿಲಲ್ಲಿ ಮುನ್ನಿಬೀ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಗದ್ದೆಮ್ಮನಿಗಷ್ಟೇ ಕೇಳುವ ಹಾಗೆ ನುಡಿದಳು. “ಬೇರು ತಿಂದ ಮ್ಯಾಲ ನನ್ನ ತಮ್ಮ ಉಪ್ಪು ಸೈತ ಮುಟ್ಟಲಿಲ್ಲವ್ವ. ನೀರು ಕಂಡು ಚೀರಿಕೋತ ಹೋದ. ಅವನ ಕಾಯಿ ನನ್ನ ಬುಟ್ಟ್ಯಾಗ ಉಳೀತು.”

ಗದ್ದೆಮ್ಮ ಅದನ್ನು ಗಂಡನಿಗೆ ಹೇಳಿದಳು. ಎಲ್ಲೋ ಪಥ್ಯ ತಪ್ಪಿರಬೇಕು ಎಂದ ಅವನು.

“ಗುಣ ಆದ್ರ ಬೇರಿನ ಹೆಚ್ಚಳ, ಸತ್ರ ಸತ್ತವನ ತಪ್ಪು. ಹಿಂಗಾದ್ರ ಆ ಬೇರು ಸೋಲೋದು ಯಾವಾಗ? ನನ್ನ ಮಗಳು ಸತ್ತ ಮ್ಯಾಲೇನು?”

ಉತ್ತರಕ್ಕೆ ಅವಳು ನಿಲ್ಲಲಿಲ್ಲ. ಮಗಳನ್ನು ಸೊಂಟಕ್ಕೇರಿಸಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದಳು. ಬಸ್ಸು ಹೊರಡುವಾಗ ನರಸಣ್ಣನೂ ಮುಖ ಗಂಟಿಕ್ಕಿಕೊಂಡೇ ಹತ್ತಿದ.

ದವಾಖಾನೆಯ ಸಾಲಿನಲ್ಲಿ ಮುಂದೆ ನಿಂತಿದ್ದ ಮುದುಕ ಪಂಪಣ್ಣನಿಗೆ ಅವತ್ತು ಕೊನೆಯ ಸೂಜಿ. ನರಸಣ್ಣ ಅವನನ್ನೂ ಬಿಡಲಿಲ್ಲ; ಬಹಳ ನೋಯುತ್ತದೇನು ಎಂದು ಕೇಳಿದ. ನೋಯುತ್ತದೆ ಎಂದ ಮುದುಕ. ನೋಡಿದೆಯಾ ಎಂಬಂತೆ ನರಸಣ್ಣ ಹೆಂಡತಿಯ ಕಡೆ ಹೊರಳಿದ.

“ಉಳಿದರ್ಧನೂ ಕೇಳು,” ಎಂದಳು ಗದ್ದೆಮ್ಮ. ಅವನ ಚೀಲದಿಂದ ಕಾಯಿ ತೆಗೆದು ಕಟ್ಟೆಯ ಕಲ್ಲಿಗೆ ಅಪ್ಪಳಿಸಿದಳು. ಹಸಿದಿದ್ದ ಮಗಳ ಕೈಗೊಂದು ಚೂರು ಕೊಟ್ಟಳು.

ನರಸಣ್ಣ ಒಡೆದ ಕಾಯಿಯನ್ನೊಮ್ಮೆ ನೋಡಿದ. ಆಮೇಲೆ ಮುದುಕನ ಕಡೆ ಬಾಗಿದ.

“ನಿಮಗ ಕಚ್ಚಿದ ನಾಯಿ... ಬದುಕೈತೇನ್ರೀ?”

“ಕಚ್ಚಿದ ಮೂರನೇ ದಿನಕ್ಕ ಸತ್ತಿತಪ್ಪ. ನಾ ಇನ್ನೂ ಅದೀನಿ.”

ಇಷ್ಟು ಕೇಳಲು ನರಸಣ್ಣನಿಗೆ ಎರಡು ದಿನ ಬೇಕಾಗಿತ್ತು. ಗದ್ದೆಮ್ಮ ಮಗಳ ಕಾಲನ್ನೇ ನೋಡುತ್ತ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದಳು.